ಹೊಲಕ್ಕ ಪರೀಕ್ಷೆ ಐತಿ, ಕೀಲಿಗ್ಯಾಕ ಬ್ಯಾಡ?

ತಮ್ಮಾ, ನಿನ್ನೆ ಕಾಲುವಿ ದಂಡಿ ಮ್ಯಾಲೆ ನೀ ಕುಂಟಕೋತ ಬರೋದು ನೋಡಿದೆ. ಚಪ್ಪಲಿ ಕೈಯಾಗಿತ್ತು, ಹೆಬ್ಬೆರಳ ಬುಡ ಕೆಂಪಗ ಬಾತಿತ್ತು. ‘ಗದ್ಯಾಗ ಉಳುಕಿರಬೇಕು ಕಾಕಾ’ ಅಂದಿ. ಉಳುಕಿದ್ದು ಉಳುಕಿದಾಗಲೇ ಗೊತ್ತಾಗತೈತಿ. ನಟ್ಟನಡುರಾತ್ರಿ ಎಬ್ಬಿಸಿ, ಚಾದರ ತಾಕಿದ್ರೂ ಜೀವ ತೆಗಿಯೋ ನೋವು ಬ್ಯಾರೆ.

ತುಂಗಭದ್ರಾ ಎಡದಂಡಿ ಕಾಲುವಿ ನೀರು ಕಂಡವ ನೀನು. ನೀರು ಬಸಿದು ಹೋಗದ ಹೊಲದಾಗ ಬ್ಯಾಸಿಗಿಗೆ ಉಪ್ಪು ಬೆಳ್ಳಗ ಮ್ಯಾಲೇಳತೈತಿ. ರಕ್ತದಾಗಿನ ಯೂರಿಕ್ ಆಸಿಡ್ಡೂ ಹಂಗ: ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿದ್ರ ಕೀಲಿನಾಗ ಹರಳುಗಟ್ಟಬಹುದು. ಅದಕ್ಕ ಗೌಟ್ ಅಂತಾರ. ಆದ್ರ ಹೊಲ ಬೆಳ್ಳಗಾತು ಅಂತ ಜಿಪ್ಸಂ ಸುರೀತಿಯೇನು? ಸವಳೋ ಕ್ಷಾರವೋ, ಮೊದ್ಲ ಮಣ್ಣು ಪರೀಕ್ಷೆ ಆಗಲಿ ಅಂತಿ. ಕೃಷಿ ಸಂಶೋಧನಾ ಕೇಂದ್ರ ಇರೋ ಊರಿನವರು ನಾವು!

ಕೀಲಿಗೂ ಮೊದ್ಲ ಪರೀಕ್ಷೆ ಬೇಕು ಅನ್ನೋದನ್ನ ನಾನು ಮೊಣಕಾಲು ಕೊಟ್ಟು ಕಲಿತೆ. ಬಾವು ಬಂದಾಗ ಎಲ್ಲರೂ ಗೌಟ್ ಅಂದ್ರು. ನಾಲ್ಕು ದಿನ ನೋವಿನ ಸೂಜಿ ಚುಚ್ಚಿಸಿಕೊಂಡೆ. ಕಡೀಗೊಬ್ಬ ಡಾಕ್ಟರು ಕೀಲಿನ ನೀರು ಎಳೆದ್ರು. ಸಿರಿಂಜಿನಾಗ ಅಕ್ಕಿ ತೊಳೆದ ನೀರಿನಂಗ ಕದಡಿ ಬಂತು. ಪೋಲರೈಸ್ಡ್ ಸೂಕ್ಷ್ಮದರ್ಶಕದಾಗ ಇಟ್ರ ಯೂರೇಟ್ ಹರಳು ಸೂಜಿಯಂಗ ಕಾಣತಾವ. ನನ್ನವು ಸಣ್ಣ ಇಟ್ಟಂಗಿಯಂಗ, ಅಂದ್ರ ಕ್ಯಾಲ್ಸಿಯಂ ಪೈರೋಫಾಸ್ಫೇಟ್. ಈ ಹರಳು ವಯಸ್ಸಾದವರ ಮೊಣಕಾಲು, ಮಣಿಕಟ್ಟಿನಾಗ ಹೆಚ್ಚು. ಗೌಟಿನ ಹರಳನ್ನ ಹಿಂಗ ಗುರುತಿಸಬಹುದು ಅಂತ 1961ರಾಗ ತೋರಿಸಿದವರು ಅಮೆರಿಕದ ಮೆಕಾರ್ಟಿ ಮತ್ತು ಹೊಲ್ಯಾಂಡರ್.

ರಕ್ತದ ಚೀಟಿ ಒಂದನ್ನೇ ನಂಬಬ್ಯಾಡ. ನೋವು ಜೋರಿದ್ದಾಗ ಯೂರಿಕ್ ಆಸಿಡ್ ಸರಿಯಾಗೇ ಕಂಡೀತು. ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಿಸಬೇಕು. ಹೆಚ್ಚಿದ್ದವರಿಗೆಲ್ಲ ಗೌಟ್ ಇರತೈತಿ ಅಂತಲೂ ಇಲ್ಲ. ಹೆಬ್ಬೆರಳಾದ್ರ ಡಾಕ್ಟರು ಲಕ್ಷಣ ನೋಡೇ ಹೇಳಬಹುದು.

ಬಾವಿನ ಜೋಡಿ ಜ್ವರ, ನಡುಕ ಬಂದ್ರ ಮಾತ್ರ ಒಂದು ರಾತ್ರೀನೂ ಕಾಯಬ್ಯಾಡ. ಕೀಲಿನಾಗ ಕೀವಾಗಿರಬಹುದು. ಹರಳು ಸಿಕ್ಕಿತು ಅಂತ ಸೋಂಕಿಲ್ಲ ಅನ್ನಂಗಿಲ್ಲ, ಎರಡೂ ಒಟ್ಟಿಗಿರಬಹುದು. ಕೀಲಿನಿಂದ ಎಳೆದ ನೀರನ್ನ ಸೋಂಕು ನೋಡೋ ಕಲ್ಚರ್ ಪರೀಕ್ಷೆಗೂ ಕಳಿಸಬೇಕು.

ಇವತ್ತೇ ಸಿಂಧನೂರಿಗೆ ಹೋಗು. ಬಿಪಿ ಗುಳಿಗಿ, ಆಸ್ಪಿರಿನ್ ನುಂಗೋದಿದ್ರ ಮುಚ್ಚಿಡದ ಹೇಳು, ಅವುಗಳಾಗ ಕೆಲವು ಯೂರಿಕ್ ಆಸಿಡ್ ಏರಿಸಬಲ್ಲವು. ಆದ್ರ ನೀನಾಗೇ ನಿಲ್ಲಿಸಬ್ಯಾಡ. ನೋವಿನ ಸೂಜಿ ಬೇಡೋ ಮೊದ್ಲ ‘ಯಾವ ಹರಳು ಸಾಹೇಬ್ರ?’ ಅಂತ ಕೇಳು. ಹೊಲದ ಮಣ್ಣಿಗೆ ಕೊಡೋ ಮರ್ಯಾದಿ ನಿನ್ನ ಕಾಲಿಗೂ ಇರಲಿ.