ಬಾಡಿದ ಕನಕಾಂಬರಕ್ಕೆ ನೀರು ಬಿಡಬೇಡಿ

ಮಳೆ ನಿಂತು ಬಿಸಿಲು ಚುರುಕಾಗುತ್ತಿದ್ದಂತೆ ಬ್ಲಫ್, ಮಳವಳ್ಳಿ, ಮದ್ದೂರು ಸುತ್ತಿನ ಹೂವಿನ ತಾಕುಗಳಿಂದ ಬರುವ ದೂರು ಒಂದೇ: "ಸಾರ್, ಕನಕಾಂಬರ ಚೆನ್ನಾಗಿತ್ತು. ಈಗ ಅಲ್ಲಲ್ಲಿ ಗುಂಪುಗುಂಪಾಗಿ ಒಣಗ್ತಾ ಇದೆ. ನೀರು ಬಿಟ್ಟರೂ ಏಳ್ತಾ ಇಲ್ಲ."

ನೀರು ಬಿಟ್ಟರೂ ಏಳದ ಗಿಡಕ್ಕೆ ಬಾಯಾರಿಕೆ ಆಗಿಲ್ಲ, ಬೇರು ಕೊಳೆತಿದೆ. ಇದು ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ ತರುವ ಸೊರಗು ರೋಗ. ಬಾಡಿದ ಸಾಲಿಗೆ ನೀರು ಹರಿಸಿದವರು ರೋಗವನ್ನು ಕೆಳಗಿನ ಗಿಡಗಳಿಗೆ ತಾವೇ ಸಾಗಿಸಿದ್ದಾರೆ. ಒಣಗಿದ ಗಿಡಗಳು ಯಾವ ದಿಕ್ಕಿಗೆ ಸಾಲಾಗಿ ಹೋಗಿವೆ ನೋಡಿ. ನೀರು ಹರಿಯುವ ದಿಕ್ಕಿಗೇ ಹೋಗಿರುತ್ತವೆ.

ಗುರುತು

ಮೊದಲು ಗಿಡ ಹಳದಿಯಾಗಿ ಜೋತು ಬೀಳುತ್ತದೆ. ಎಲೆಯ ಅಂಚು ಕಂದುಗೆಂಪಿಗೆ ತಿರುಗಿ, ವಾರ ಹತ್ತು ದಿನದಲ್ಲಿ ಆ ಬಣ್ಣ ನಡುನರದವರೆಗೆ ಬರುತ್ತದೆ. ಆಮೇಲೆ ಕಾಂಡ ಸುರುಟುತ್ತದೆ. ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಅದು ಸೊರಗು ರೋಗವಲ್ಲ, ಕಬ್ಬಿಣದ ಕೊರತೆ. ಚೌಳು ನೆಲದಲ್ಲಿ ಇದು ಮಾಮೂಲು. ಅದಕ್ಕೆ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಎಲೆಗೆ ಸಿಂಪಡಿಸಿದರೆ ಸಾಕು.

ಅನುಮಾನ ಬಂದರೆ ಒಂದು ಗಿಡ ಕಿತ್ತು ಬೇರು ತೊಳೆಯಿರಿ. ತಾಯಿಬೇರನ್ನು ಎರಡು ಬೆರಳಿನ ನಡುವೆ ಹಿಡಿದು ಎಳೆಯಿರಿ. ಕಪ್ಪಾದ ಸಿಪ್ಪೆ ಕೈಗೆ ಬಂದು ಒಳಗಿನ ನಾರು ದಾರದ ಹಾಗೆ ಉಳಿದರೆ ಸೊರಗು ರೋಗ. ಬುಡದಲ್ಲಿ ಬಿಳಿ ನೂಲು ಹಬ್ಬಿ ಸಾಸಿವೆಯಂಥ ಕಂದು ಕಾಳು ಕಂಡರೆ ಅದು ಬೇರೆ, ಸ್ಕ್ಲೆರೋಷಿಯಂ ಬುಡಕೊಳೆ. ಇದಕ್ಕೆ ಸೊರಗು ರೋಗದ ಔಷಧಿ ಕಾರ್ಬೆಂಡಜಿಮ್ ನಾಟುವುದಿಲ್ಲ. ಕಾರ್ಬಾಕ್ಸಿನ್ ಮತ್ತು ಥೈರಮ್ ಕೂಡಿದ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಬುಡಕ್ಕೆ ಸುರಿಯಬೇಕು. ಗುರುತು ನೋಡದೆ ಅಂಗಡಿಯವರು ಕೊಟ್ಟದ್ದನ್ನು ತಂದು ಹೊಡೆದರೆ ದುಡ್ಡು ದಂಡ.

ಮೊದಲ ದಿನದ ಕೆಲಸ

ಸೊರಗು ರೋಗವೆಂದು ಗೊತ್ತಾದರೆ ಬಾಡಿದ ಸಾಲಿಗೆ ನೀರು ಬಿಡುವುದನ್ನು ನಿಲ್ಲಿಸಿ. ಪೂರ್ತಿ ಬಾಡಿದ ಗಿಡಗಳನ್ನು ಬೇರು, ಬುಡದ ಮಣ್ಣು ಸಮೇತ ಕಿತ್ತು ಗೊಬ್ಬರದ ಚೀಲಕ್ಕೆ ತುಂಬಿ ಹೊರಗೆ ಒಯ್ದು ಸುಡಿ. ಕಿತ್ತ ಗಿಡವನ್ನು ಬದುವಿನ ಮೇಲೆ, ತಿಪ್ಪೆಗೆ ಎಸೆಯುವವರಿಗೆ ಎಷ್ಟು ಸಲ ಹೇಳುವುದು? ಕಾಲುವೆಗೆ ಬಿಸಾಡಿದರಂತೂ ಪಕ್ಕದವನ ಹೊಲವೂ ಹೋಯಿತು. ತಿಪ್ಪೆಗೆ ಹಾಕಿದ ರೋಗ ಮುಂದಿನ ವರ್ಷ ಗೊಬ್ಬರದ ಜೊತೆಗೆ ನಿಮ್ಮ ಮಡಿಗೇ ವಾಪಸ್ ಬರುತ್ತದೆ.

ಔಷಧಿ, ಅಳತೆ

ಸೊರಗು ರೋಗಕ್ಕೆ ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಮ್ 50 ಡಬ್ಲ್ಯು.ಪಿ. ಅಥವಾ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್. ಎರಡರಲ್ಲಿ ಒಂದು ಮಾತ್ರ, ಎರಡನ್ನೂ ಬೆರೆಸಬೇಡಿ. 16 ಲೀಟರ್ ಕ್ಯಾನಿಗೆ ಕಾರ್ಬೆಂಡಜಿಮ್ ಆದರೆ 16 ಗ್ರಾಂ, ಕಾಪರ್ ಆದರೆ 48 ಗ್ರಾಂ. ಮುಚ್ಚಳದ ಲೆಕ್ಕ, ಹಿಡಿ ಲೆಕ್ಕ ಬೇಡ. ಚಿಕ್ಕ ತಕ್ಕಡಿಯಲ್ಲಿ ತೂಗಿ ಪೊಟ್ಟಣ ಕಟ್ಟಿಕೊಳ್ಳಿ.

ನಾಜಲ್ ಬಿಚ್ಚಿ ಪ್ರತಿ ಗಿಡದ ಬುಡಕ್ಕೆ 200 ಮಿ.ಲೀ. ಸುರಿಯಿರಿ. ಎಲೆಗೆ ಸಿಂಪಡಿಸಿದರೆ ಏನೂ ಆಗುವುದಿಲ್ಲ, ರೋಗ ಇರುವುದು ಬೇರಿನಲ್ಲಿ. ಈ ಲೆಕ್ಕದಲ್ಲಿ ಒಂದು ಕ್ಯಾನ್ 80 ಗಿಡಕ್ಕೆ ಬರುತ್ತದೆ. ಎರಡಡಿ ಸಾಲು, ಒಂದಡಿ ಗಿಡದಂತೆ ನೆಟ್ಟ ಗುಂಟೆಯಲ್ಲಿ ಸುಮಾರು 540 ಗಿಡ ಇರುತ್ತವೆ, ಅಂದರೆ ಗುಂಟೆಗೆ ಏಳು ಕ್ಯಾನ್. ಇಡೀ ತಾಕಿಗೆ ಬೇಕಿಲ್ಲ. ಬಾಡಿದ ಜಾಗ, ಅದರ ಸುತ್ತ ಮೂರು ಸಾಲು, ನೀರು ಹರಿದ ಕೆಳಗಿನ ಸಾಲು, ಇಷ್ಟಕ್ಕೆ ಮಾಡಿ. ಮಣ್ಣು ಹದವಾಗಿರಬೇಕು, ಒಣಗಿರಬಾರದು, ಕೆಸರೂ ಆಗಿರಬಾರದು. ಸುರಿದ ಮೇಲೆ ಎರಡು ದಿನ ನೀರು ಬೇಡ. 15 ದಿನಕ್ಕೆ ಇನ್ನೊಮ್ಮೆ ಸುರಿಯಿರಿ. ಕೈಗವಸು ಹಾಕಿಕೊಳ್ಳಿ. ಮುಡಿಗೂ ದೇವರಿಗೂ ಹೋಗುವ ಹೂವು ಇದು. ಔಷಧಿ ಹಾಕಿದ ದಿನವೇ ಕೊಯ್ದು ಕಟ್ಟಲು ಕೊಡಬೇಡಿ.

ಬೇರಿಗೆ ಗಾಯ ಮಾಡಿ ರೋಗಕ್ಕೆ ದಾರಿ ಮಾಡಿಕೊಡುವುದು ಜಂತುಹುಳು. ಅದಕ್ಕೆ ಎಕರೆಗೆ 400 ಕೆ.ಜಿ. ಬೇವಿನ ಹಿಂಡಿ ಕೊಡಿ. ಹಿಂದೆ ಈ ಹುಳುವಿಗೆ ಹಾಕುತ್ತಿದ್ದ ಫೋರೇಟ್ ಎಲ್ಲಿ ಸಿಗುತ್ತದೆ ಎಂದು ಈಗಲೂ ಕೇಳುವವರಿದ್ದಾರೆ. 2020ರ ಡಿಸೆಂಬರ್ 31ರಿಂದ ಅದು ನಿಷಿದ್ಧ. ಹಳೆ ಸ್ಟಾಕು ಕೊಟ್ಟರೂ ತರಬೇಡಿ.

ಟ್ರೈಕೋಡರ್ಮಾ ಯಾವಾಗ?

ರೋಗದ ಶಿಲೀಂಧ್ರವನ್ನು ಅಡಗಿಸುವ ಟ್ರೈಕೋಡರ್ಮಾವನ್ನು ಔಷಧಿಯ ಜೊತೆಗಂತೂ ಹಾಕಬೇಡಿ. ಕಾರ್ಬೆಂಡಜಿಮ್ ಕ್ಯಾನಿಗೇ ಟ್ರೈಕೋಡರ್ಮಾ ಸುರಿದರೆ ಅದೂ ಶಿಲೀಂಧ್ರವೇ ಆದ್ದರಿಂದ ಕ್ಯಾನಿನಲ್ಲೇ ಸತ್ತುಹೋಗುತ್ತದೆ. ಎರಡನೇ ಸಲ ಔಷಧಿ ಹಾಕಿ 15 ದಿನ ಕಳೆದ ಮೇಲೆ ಎಕರೆಗೆ 2 ಕೆ.ಜಿ. ಟ್ರೈಕೋಡರ್ಮಾವನ್ನು 200 ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿ ಮುಚ್ಚಿ 10ರಿಂದ 15 ದಿನ ಇಟ್ಟು ಬುಡಕ್ಕೆ ಕೊಡಿ. ಪೊಟ್ಟಣದ ಮೇಲೆ ತಯಾರಾದ ದಿನಾಂಕ ನೋಡಿಯೇ ಕೊಳ್ಳಿ. ಹಳೆಯದಾದರೆ ಒಳಗಿರುವುದು ಬರೀ ಟಾಲ್ಕ್ ಪುಡಿ. ಸಹಾಯಧನದ ಕಿಟ್ ಬರಲಿ ಎಂದು ಕಾಯುವವರಿದ್ದಾರೆ. ರೋಗ ಕಾಯುವುದಿಲ್ಲ.

ಮುಂದಿನ ನಾಟಿಗೆ

ದೆಹಲಿ ಕನಕಾಂಬರ ತಳಿ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಆದ್ದರಿಂದ ರೋಗ ಬಂದ ತಾಕಿನಿಂದ ಕಡ್ಡಿ ತೆಗೆದರೆ ರೋಗವನ್ನೂ ನೆಟ್ಟಂತೆ. ಒಳ್ಳೆಯ ತಾಕಿನ ಕಡ್ಡಿಯನ್ನೂ ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿ ನೆಡಿ.

ರೋಗ ಬಂದ ಜಾಗದಲ್ಲಿ ಮತ್ತೆ ಕನಕಾಂಬರ ಬೇಡ. ನಾಲೆ ನೀರು ಇರುವವರು ಅಲ್ಲಿ ಒಂದು ಭತ್ತ ಬೆಳೆಯಿರಿ. ತಿಂಗಳುಗಟ್ಟಲೆ ನಿಂತ ನೀರಿನಲ್ಲಿ ಶಿಲೀಂಧ್ರವೂ ಜಂತುಹುಳುವೂ ತಗ್ಗುತ್ತವೆ. "ಮೊದಲು ನೀರು ಬಿಡಬೇಡಿ ಅಂದಿರಿ, ಈಗ ಗದ್ದೆ ತುಂಬ ನೀರು ನಿಲ್ಲಿಸಿ ಅಂತೀರಿ" ಎಂದು ಕೇಳಬೇಡಿ. ಗದ್ದೆಯಲ್ಲಿ ನಿಂತ ನೀರು ಬೇರೆ, ರೋಗದ ಸಾಲಿನಿಂದ ಒಳ್ಳೆಯ ಸಾಲಿಗೆ ಹರಿದ ನೀರು ಬೇರೆ. ಭತ್ತಕ್ಕೆ ನೀರು ಸಾಲದಿದ್ದರೆ ಚೆಂಡು ಹೂವು ಹಾಕಿ, ಜಂತುಹುಳು ಕಡಿಮೆಯಾಗುತ್ತದೆ. ಮತ್ತೆ ಕನಕಾಂಬರ ನೆಡುವಾಗ ಏರುಮಡಿ ಮಾಡಿ, ಸಾಧ್ಯವಾದರೆ ಹನಿ ನೀರಾವರಿ ಹಾಕಿ. ಹನಿ ಇಲ್ಲದಿದ್ದರೆ ಪ್ರತಿ ಮಡಿಗೂ ನೀರು ಪ್ರತ್ಯೇಕ ಬರುವಂತೆ ಬಾಯಿ ಕೊಡಿ.

ಇಷ್ಟಾದರೂ ಹತೋಟಿಗೆ ಬರದಿದ್ದರೆ ತಾಲ್ಲೂಕು ತೋಟಗಾರಿಕೆ ಕಚೇರಿಗೋ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರಕ್ಕೋ ಗಿಡ ತೆಗೆದುಕೊಂಡು ಹೋಗಿ. ಎರಡು ಎಲೆ ಕಿತ್ತು ಜೇಬಿನಲ್ಲಿಟ್ಟುಕೊಂಡು ಹೋದರೆ ಯಾರೂ ಏನೂ ಹೇಳಲಾರರು. ಆಗತಾನೇ ಬಾಡಲು ಶುರುವಾದ ಗಿಡವನ್ನು ಬೇರು, ಮಣ್ಣು ಸಮೇತ ಕವರಿನಲ್ಲಿ ಕಟ್ಟಿ ಅದೇ ದಿನ ಒಯ್ಯಿರಿ. ಏನು ಔಷಧಿ, ಎಷ್ಟು, ಯಾವತ್ತು ಹಾಕಿದಿರಿ ಎಂದು ಚೀಟಿಯಲ್ಲಿ ಬರೆದು ಜೊತೆಗಿಡಿ.