ಬ್ಯಾಕ್ಟೀರಿಯದ ವಿದ್ಯುತ್ತನ್ನು ಅಳೆಯುವ ಬಣ್ಣಗಳು

ಟಾರ್ಚಿನ ಒಂದು ಸೆಲ್ಲಿನ ಎರಡು ಕೊನೆಗಳ ನಡುವೆ ಒಂದೂವರೆ ವೋಲ್ಟಿನ ಒತ್ತಡವಿರುವುದೆಂದು ಮೇಲಿನ ತರಗತಿಗಳ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದರ ಹತ್ತನೆಯ ಒಂದು ಪಾಲಿನಷ್ಟು ಒತ್ತಡವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯದಲ್ಲಿಯೂ ಉಂಟೆಂದರೆ ಸೋಜಿಗವೆನಿಸಬಹುದು. ಜೀವಂತ ಬ್ಯಾಕ್ಟೀರಿಯದ ಪೊರೆಯ ಒಳಬದಿಯು ಹೊರಬದಿಗಿಂತ ಸಾಮಾನ್ಯವಾಗಿ 100ರಿಂದ 200 ಮಿಲಿವೋಲ್ಟುಗಳಷ್ಟು ಋಣವಾಗಿರುತ್ತದೆ. ಪೊರೆಯ ದಪ್ಪವಾದರೋ ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಪಾಲು! ಅಷ್ಟು ತೆಳುವಾದ ಗೋಡೆಗೆ ಇದು ಸಾಮಾನ್ಯವಾದ ಒತ್ತಡವಲ್ಲ.

ಈ ಒತ್ತಡವೇ ಅದರ ಜೀವಾಳ. ಆಹಾರದಿಂದ ದೊರೆತ ಶಕ್ತಿಯಿಂದ ಜೀವಕೋಶವು ಪ್ರೋಟಾನುಗಳನ್ನು ಹೊರಕ್ಕೆ ತಳ್ಳುತ್ತದೆ. ಜಲಾಶಯದ ನೀರು ಇಳಿಯುವಾಗ ಯಂತ್ರವನ್ನು ತಿರುಗಿಸುವಂತೆ, ಅವು ಮರಳಿ ಒಳನುಗ್ಗುವಾಗ ಎ.ಟಿ.ಪಿ. ಎಂಬ ಶಕ್ತಿದ್ರವ್ಯವು ಸಿದ್ಧವಾಗುತ್ತದೆ. 1961ರಲ್ಲಿ ಪೀಟರ್ ಮಿಚೆಲ್ ಎಂಬ ಆಂಗ್ಲ ವಿಜ್ಞಾನಿಯು ಈ ವಾದವನ್ನು ಮುಂದಿಟ್ಟಾಗ ಒಪ್ಪಿದವರು ವಿರಳ. 1978ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು.

ಇದನ್ನು ಅಳೆಯುವ ಬಗೆ ಹೇಗೆ? ಕರಾವಳಿಯ ಜನರು ಬೊಂಡಾಸ್ ಎನ್ನುವ ಸ್ಕ್ವಿಡ್ಡಿನ ನರತಂತುವು ಅರ್ಧ ಮಿಲಿಮೀಟರಿನಷ್ಟು ದಪ್ಪವಿರುವುದರಿಂದ, 1939ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬವರು ಅದರೊಳಗೇ ವಿದ್ಯುದ್ವಾರವನ್ನು ತೂರಿಸಿ ಅಳೆದರು. ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲು ಉದ್ದದ ಬ್ಯಾಕ್ಟೀರಿಯಕ್ಕೆ ಈ ಉಪಾಯವು ಸಲ್ಲದು. ಚುಚ್ಚಿದರೆ ಅಳೆಯಬೇಕಾದ ಜೀವವೇ ಉಳಿಯದು.

ಆದುದರಿಂದ ಬಣ್ಣಗಳ ಮೊರೆಹೊಕ್ಕರು. ಥಯೋಫ್ಲೇವಿನ್-ಟಿ, ರೋಡಮೀನ್-123 ಮೊದಲಾದ ಬಣ್ಣಗಳ ಕಣಗಳು ಧನ ವಿದ್ಯುತ್ತುಳ್ಳವು; ಪೊರೆಯನ್ನು ದಾಟಬಲ್ಲವು. ಒಳಗಿನ ಋಣ ವಿದ್ಯುತ್ತು ಅವನ್ನು ಸೆಳೆದುಕೊಳ್ಳುತ್ತದೆ. ನೆರ್ನ್‌ಸ್ಟರ ಸೂತ್ರದಂತೆ ಸುಮಾರು 60 ಮಿಲಿವೋಲ್ಟಿಗೆ ಹತ್ತು ಮಡಿ, 120ಕ್ಕೆ ನೂರು ಮಡಿ, 180ಕ್ಕೆ ಸಾವಿರ ಮಡಿ ಬಣ್ಣವು ಒಳಗೆ ಸೇರುತ್ತದೆ. ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದ ಬೆಳಕನ್ನು ಸೂಸುವ ಗುಣ, ಅಂದರೆ ಪ್ರತಿದೀಪ್ತಿ, ಇವಕ್ಕಿರುವುದರಿಂದ ಸೂಕ್ಷ್ಮದರ್ಶಕದಲ್ಲಿ ಕೋಶಗಳು ಹೊಳೆಯುತ್ತವೆ.

ಹಾಗಾದರೆ ಹೊಳಪೇ ವೋಲ್ಟೇಜೆ? ಅಲ್ಲ. ಈ ಭಾಗವನ್ನು ಮಕ್ಕಳು ಎರಡು ಸಲ ಓದಬೇಕೆಂದು ನಮ್ಮ ಕೋರಿಕೆ. ಹೊಸ ಉಷ್ಣಮಾಪಕಕ್ಕೆ ಕರಗುವ ಮಂಜುಗಡ್ಡೆಯಲ್ಲಿಯೂ ಕುದಿಯುವ ನೀರಿನ ಹಬೆಯಲ್ಲಿಯೂ ಗುರುತು ಹಾಕುವಂತೆ ಬಣ್ಣಕ್ಕೂ ಗುರುತು ಹಾಕಬೇಕು. ವ್ಯಾಲಿನೋಮೈಸಿನ್ ಎಂಬ ವಸ್ತುವು ಪೊರೆಯಲ್ಲಿ ಪೊಟಾಸಿಯಮ್ಮಿಗೆ ದಾರಿಮಾಡಿಕೊಡುತ್ತದೆ. ಆಗ ಒಳಗಿನ ಹಾಗೂ ಹೊರಗಿನ ಪೊಟಾಸಿಯಮ್ಮಿನ ಪ್ರಮಾಣಗಳಿಂದ ವೋಲ್ಟೇಜನ್ನು ಲೆಕ್ಕಹಾಕಬಹುದು. ಎರಡೂ ಸಮವಾದರೆ ಅದು ಸೊನ್ನೆ. ಒಂದೊಂದು ಪ್ರಮಾಣದಲ್ಲಿಯೂ ಹೊಳಪೆಷ್ಟೆಂದು ಬರೆದಿಟ್ಟುಕೊಂಡರೆ ಅಳತೆಗೋಲು ಸಿದ್ಧವಾಯಿತು.

ಇಷ್ಟಾದರೂ ಎಚ್ಚರ ತಪ್ಪಬಾರದು. ಈ. ಕೋಲಿಯಂತಹ ಬ್ಯಾಕ್ಟೀರಿಯಗಳಿಗೆ ಹೊರಗೊಂದು ಪೊರೆಯಿದ್ದು ಅದು ಬಣ್ಣವನ್ನು ತಡೆಯುತ್ತದೆ. ಕೋಶವು ಮಂಕಾಗಿ ಕಂಡರೂ ಒಳಗೆ ಒತ್ತಡವು ಕುಂದಿಲ್ಲದಿರಬಹುದು. ಕೆಲವು ಬಣ್ಣಗಳು ಒತ್ತಾಗಿ ನೆರೆದಾಗ ಹೊಳೆಯುವುದರ ಬದಲು ನಂದುತ್ತವೆ. ಪ್ರಮಾಣ ಮೀರಿದರೆ ಬಣ್ಣವೇ ಕೋಶಕ್ಕೆ ವಿಷವಾಗುತ್ತದೆ. ಹೊಸ ಔಷಧವು ರೋಗಾಣುವಿನ ಪೊರೆಯನ್ನು ಕೆಡಿಸಿತೇ ಎಂಬುದನ್ನು ಈ ಬಣ್ಣಗಳಿಂದಲೇ ಪರೀಕ್ಷಿಸುವರಾದ್ದರಿಂದ ಇಲ್ಲಿಯ ತಪ್ಪು ಸಣ್ಣದಲ್ಲ.

2015ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೋದಲ್ಲಿ ಗುರೋಲ್ ಸ್ಯೂಯೆಲ್ ಎಂಬವರ ತಂಡವು, ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯದ ಗುಂಪಿಗೆ ಥಯೋಫ್ಲೇವಿನ್-ಟಿ ಬೆರೆಸಿ ನೋಡಿತು. ಹೊಳಪು ಅಲೆಯಲೆಯಾಗಿ ಏರಿಳಿಯಿತು. ಒಂದು ಕೋಶವು ಬಿಟ್ಟ ಪೊಟಾಸಿಯಮ್ಮು ನೆರೆಯ ಕೋಶವನ್ನು ಕೆರಳಿಸಿ, ಅದು ತನ್ನ ನೆರೆಯದನ್ನು ಕೆರಳಿಸಿ, ಸುದ್ದಿಯು ಗುಂಪಿನ ನಡುವಿನಿಂದ ಅಂಚಿಗೆ ಹಬ್ಬುತ್ತಿತ್ತು. ಪೊಟಾಸಿಯಮ್ಮಿನ ದ್ವಾರವನ್ನು ಕಳೆದ ತಳಿಯಲ್ಲಿ ಆ ಅಲೆಯು ಹಾಗೆ ಹಬ್ಬಲಿಲ್ಲ.