ಮಗುವಿನ ವಶದ ಖಟ್ಲೆ: ತಾರೀಖಿಗೆ ಮೊದಲು ಮಾಡತಕ್ಕ ಸಿದ್ಧತೆ

ಈ ಸಲದ ಪಾಠದ ವಿಷಯ ಸಂತೋಷದ್ದಲ್ಲ. ಗಂಡಹೆಂಡಿರು ಬೇರೆಯಾದಾಗ ಮಗು ಯಾರ ಹತ್ತಿರ ಇರಬೇಕೆಂಬ ಖಟ್ಲೆ ನಮ್ಮ ಚಾಳುಗಳಲ್ಲಿಯೂ ಬರುತ್ತಿದೆ. ನಮ್ಮ ಜನರು ಮಾನಕ್ಕೆ ಅಂಜಿ ಅದನ್ನು ಮುಚ್ಚಿಟ್ಟುಕೊಂಡು, ತಾರೀಖಿನ ಹಿಂದಿನ ರಾತ್ರಿ ಕಾಗದ ಹುಡುಕಲು ಕೂಡುತ್ತಾರೆ. ನಾವು ವಕೀಲರಲ್ಲ. ವಾಚನಾಲಯದಲ್ಲಿ ಕಾಗದಪತ್ರ ಓದಿ ಹೇಳುವ ಕೆಲಸ ನಮ್ಮ ಪಾಲಿಗೆ ಬಂದದ್ದರಿಂದ ತಿಳಿದಷ್ಟನ್ನು ಬರೆಯುತ್ತೇವೆ.

ಮೊದಲು ಮನಗಾಣಬೇಕಾದ ಮಾತು ಒಂದು. ಇಲ್ಲಿ ಕೋರ್ಟು ಗಂಡನ ತಪ್ಪೆಷ್ಟು, ಹೆಂಡತಿಯ ತಪ್ಪೆಷ್ಟು ಎಂದು ತೂಗಲು ಕೂಡುವದಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯದೆ ಎಲ್ಲ ಧರ್ಮದವರಿಗೂ ಇದೆ. ಹಿಂದುಗಳಿಗೆ 1956ರ ಪಾಲಕತ್ವದ ಕಾಯದೆಯೂ ಉಂಟು. ಅದರ 13ನೆಯ ಕಲಮಿನಂತೆ ಮಗುವಿನ ಹಿತವೇ ಎಲ್ಲಕ್ಕೂ ಮೇಲು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರತಕ್ಕದ್ದೆಂದು 6ನೆಯ ಕಲಮು ಹೇಳುತ್ತದೆ. ಹಾಗೆಂದು ಐದು ತುಂಬಿದೊಡನೆ ಮಗು ತಾನಾಗಿ ತಂದೆಯ ಪಾಲಾಗುವದೆಂದು ಊರ ಹಿರಿಯರು ಹೇಳುವದು ಸರಿಯಲ್ಲ. ತಿಳಿವಳಿಕೆ ಬಂದ ಮಗುವಾದರೆ ಅದರ ಇಚ್ಛೆಯನ್ನೂ ನ್ಯಾಯಾಧೀಶರು ಕೇಳಬಹುದು.

ಖಟ್ಲೆ ಯಾವ ಊರಿನಲ್ಲಿ ಹಾಕಬೇಕು? ಹೊಟ್ಟೆಪಾಡಿಗೆ ಊರು ಬಿಟ್ಟವರು ಎಡವುವದು ಇಲ್ಲಿಯೇ. ಮಗು ಸಾಮಾನ್ಯವಾಗಿ ವಾಸವಾಗಿರುವ ಸ್ಥಳದ ಕೋರ್ಟಿಗೆ ಅರ್ಜಿ ಹೋಗಬೇಕೆಂದು 1890ರ ಕಾಯದೆಯ 9ನೆಯ ಕಲಮು ವಿಧಿಸಿದೆ. ತಂದೆ ಪರೇಲಿನಲ್ಲಿದ್ದು, ಮಗು ಮೂರು ವರ್ಷದಿಂದ ವಿಜಯಪುರ ಜಿಲ್ಲೆಯ ಅಜ್ಜಿಯ ಮನೆಯಿಂದ ಶಾಲೆಗೆ ಹೋಗುತ್ತಿದ್ದರೆ, ಬಾಂದ್ರಾದ ಕುಟುಂಬ ನ್ಯಾಯಾಲಯದಲ್ಲಿ ಆ ಅರ್ಜಿ ನಿಲ್ಲುವದು ಕಷ್ಟ. ವಿಚ್ಛೇದನದ ಖಟ್ಲೆಯೇ ಇಲ್ಲಿ ನಡೆದಿದ್ದರೆ ಮಾತು ಬೇರೆ. 1955ರ ಹಿಂದೂ ವಿವಾಹ ಕಾಯದೆಯ 26ನೆಯ ಕಲಮಿನಂತೆ ಅದೇ ಕೋರ್ಟಿನಲ್ಲಿ ಮಗುವಿನ ಬಗ್ಗೆಯೂ ಕೇಳಬಹುದು. ಮಗುವನ್ನು ರಾತ್ರೋರಾತ್ರಿ ಬಸ್ಸು ಹತ್ತಿಸಿ ಇಲ್ಲಿಗೆ ತಂದುಬಿಡೆಂದು ಬುದ್ಧಿ ಹೇಳುವವರಿದ್ದಾರೆ. ಅವರ ಮಾತು ಕೇಳಬೇಡಿರಿ. ಹಾಗೆ ತಂದವರ ಮೇಲೆಯೇ ಕೋರ್ಟಿಗೆ ಸಂಶಯ ಬರುತ್ತದೆ. ಮಗು ಬೆದರುವದಂತೂ ಸರಿಯೇ.

ಇನ್ನು ಸಿದ್ಧತೆ. ಒಂದು ಹಾಳೆಯ ಮೇಲೆ ಮಗುವಿನ ಒಂದು ದಿನವನ್ನು ಬರೆಯಿರಿ. ಬೆಳಿಗ್ಗೆ ಯಾರು ಎಬ್ಬಿಸುವರು, ಡಬ್ಬಿ ಯಾರು ಕಟ್ಟುವರು, ಶಾಲೆ ಎಷ್ಟು ದೂರ, ಮಧ್ಯಾಹ್ನ ಬಂದಾಗ ಖೋಲಿಯ ಬಾಗಿಲು ತೆರೆಯುವವರು ಯಾರು, ಜ್ವರ ಬಂದರೆ ರಜೆ ಹಾಕುವವರು ಯಾರು. ರಾತ್ರಿ ಪಾಳಿಯ ತಂದೆಯೊಬ್ಬನೆನ್ನೋಣ. 'ನನ್ನ ಪಗಾರ ಹೆಚ್ಚು' ಎಂದರೆ ಸಾಲದು. ಮಗುವಿನ ಖರ್ಚನ್ನು ಆತನಿಂದ ತಾಯಿಗೆ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಆತ ಕೆಲಸದಲ್ಲಿದ್ದಾಗ ಮಗುವಿನ ಮಗ್ಗುಲಲ್ಲಿ ಮಲಗುವವರು ಯಾರೆಂಬದಕ್ಕೆ ಉತ್ತರ ಬೇಕು. ಅಕ್ಕ ಬಂದು ಇರುವಳೆಂದರೆ ಅಕ್ಕನನ್ನು ಮೊದಲು ಕೇಳಿರಿ, ತಾರೀಖಿಗೆ ಕರೆದುಕೊಂಡೇ ಹೋಗಿರಿ. ಪಾಳಿ ಬದಲಿಸಲು ಸಾಹೇಬರು ಒಪ್ಪಿದ್ದರೆ ಬರೆಯಿಸಿಕೊಳ್ಳಿರಿ. ಮನೆಗೆಲಸಕ್ಕೆ ಹೋಗುವ ತಾಯಿಯದೂ ಇದೇ ಲೆಕ್ಕ. ಸಣ್ಣ ಖೋಲಿಗೆ ನಾಚಬೇಕಿಲ್ಲ. ಹತ್ತು ಅಡಿಯದನ್ನು ಇಪ್ಪತ್ತು ಅಡಿಯೆಂದು ಹೇಳಿ ಸಿಕ್ಕಿಬೀಳುವದೇ ನಾಚಿಕೆ.

ಜನನದ ದಾಖಲೆ, ಶಾಲೆಯ ಗುಣಪತ್ರಿಕೆ, ಫೀ ಪಾವತಿ, ಲಸಿಕೆಯ ಕಾರ್ಡು, ದವಾಖಾನೆಯ ಚೀಟಿ, ಪಗಾರ ಚೀಟಿ, ಊರಿಗೆ ಹಣ ಕಳಿಸಿದ ಬ್ಯಾಂಕಿನ ದಾಖಲೆ ಇವನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ ನಕಲು ಮಾಡಿಸಿರಿ. ಊರ ಶಾಲೆಯ ಕನ್ನಡ ಕಾಗದಗಳಿಗೆ ಮುಂಬಯಿಯಲ್ಲಿ ಭಾಷಾಂತರ ಬೇಕಾಗುವದು, ಮೊದಲೇ ಮಾಡಿಸಿರಿ. ಫೋನಿನಲ್ಲಿ ಬೈದಾಡಿದ್ದನ್ನೆಲ್ಲ ಕಂತೆಗಟ್ಟಲೆ ಅಚ್ಚು ಹಾಕಿಸುವದು ಈಗಿನ ರೂಢಿ. ಮಗುವಿಗೆ ಸಂಬಂಧಿಸಿದವು ನಾಲ್ಕಿದ್ದರೆ ನಾಲ್ಕೇ ಸಾಕು. ಆದರೆ ಹೊಡೆತ, ಕುಡಿತದ ಭಯ ನಿಜವಾಗಿ ಇದ್ದರೆ ಮುಚ್ಚಿಡಬೇಡಿರಿ. ನಡೆದ ದಿನ, ಚಿಕಿತ್ಸೆಯ ಚೀಟಿ, ಕಂಡವರ ಹೆಸರು ಸಹಿತ ಹೇಳಿರಿ.

1984ರ ಕುಟುಂಬ ನ್ಯಾಯಾಲಯಗಳ ಕಾಯದೆಯಂತೆ ಕೋರ್ಟು ಮೊದಲು ರಾಜಿಗೆ ಯತ್ನಿಸತಕ್ಕದ್ದು. ಆದ್ದರಿಂದ ಸಲಹೆಗಾರರ ಎದುರು ಕೂಡುವ ಪ್ರಸಂಗ ಬರುತ್ತದೆ. ಅವರು ಮಗುವಿನೊಡನೆಯೂ ಮಾತಾಡಬಹುದು. ಮಗುವಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿರಿ. ದೊಡ್ಡವರ ಮಾತು ಎಂಟು ವರ್ಷದ ಬಾಯಿಂದ ಬಂದರೆ ಕೇಳುವವರಿಗೆ ತಿಳಿಯದೆ ಇರುವದಿಲ್ಲ. ಇನ್ನೊಬ್ಬರು ಮಗುವನ್ನು ಕಾಣುವದು ಹೇಗೆಂದು ಖಂಡಿತ ಕೇಳುವರು. 'ಮೋರೆ ಸಹ ತೋರಿಸೆನು' ಎಂಬ ಹಟ ನಿಮಗೇ ತೊಡಕು. ಭಾನುವಾರ, ಹಬ್ಬ, ಬೇಸಗೆಯ ರಜೆ ಹೇಗೆ ಹಂಚುವಿರೆಂದು ಬರೆದುಕೊಂಡು ಹೋಗಿರಿ. ಮಗು ಸಿಗದವರೂ ಭೇಟಿಯ ದಿನಗಳನ್ನು ಕೇಳಿ ಪಡೆಯಬೇಕು. ಈ ಹುಕುಂ ಕಾಯಮಿನದಲ್ಲ. ಪರಿಸ್ಥಿತಿ ಬದಲಾದರೆ ಮತ್ತೆ ಅರ್ಜಿ ಹಾಕಬಹುದು.

ವಕೀಲರ ಫೀಗೆ ಅಂಜಿ ಗೈರುಹಾಜರಾದರೆ ನಿಮ್ಮ ಮಾತು ಕೇಳದೆಯೇ ಹುಕುಂ ಆಗಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯದೆಯ 12ನೆಯ ಕಲಮಿನಂತೆ ಹೆಂಗಸರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ಕಾರ್ಖಾನೆಯ ಕಾರ್ಮಿಕರಿಗೂ ಸರಕಾರದ ಖರ್ಚಿನಲ್ಲಿ ವಕೀಲರ ನೆರವು ಉಂಟು. ಜಿಲ್ಲಾ ಕೋರ್ಟಿನಲ್ಲಿರುವ ಆ ಕಚೇರಿಯಲ್ಲಿ ವಿಚಾರಿಸಿರಿ, ಇಲ್ಲವೆ 15100ಕ್ಕೆ ಫೋನು ಮಾಡಿರಿ.

ಕಾಗದಗಳನ್ನು ಜೋಡಿಸಿ ಪಟ್ಟಿ ಮಾಡಿಕೊಳ್ಳಬೇಕೆನ್ನುವವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬರಬಹುದು. ಹಿಂದಿನ ಮೇಜಿನಲ್ಲಿ ಕೂತಿರುತ್ತೇವೆ. ಅಲ್ಲಿಯ ಮಾತು ಪತ್ರಿಕೆ ಓದುವವರ ಕಿವಿಗೆ ಬೀಳುವದಿಲ್ಲ.